ಅಕ್ಕನ ಮನೆಯ ಬೆಲ್ಲ ಹಡಗು ಹತ್ತಿದ ವರ್ಷ

ಮರಳಿನ ಮೇಲೆ ನನ್ನ ಬೆರಳು ಹಿಡಿದು ಓಂಕಾರ ತಿದ್ದಿಸಿದ ಗುರುಗಳ ಪಾದಗಳಿಗೆ ನನ್ನ ಮೊದಲ ವಂದನೆ. ಮಠದ ಪಾಠಶಾಲೆಯಲ್ಲಿ ಯಾರ ಮಗನೆಂದು ಕೇಳದೆ ನನಗೆ ಅನ್ನವಿಕ್ಕಿದ ಅಡುಗೆಯ ತಾಯಿಗೆ ವಂದನೆ. ನಮ್ಮ ನೆಲವನ್ನು ಎರಡು ಕಡೆಯಿಂದ ತಬ್ಬಿ ಹರಿಯುವ ಕೃಷ್ಣೆಗೂ ಘಟಪ್ರಭೆಗೂ, ಆ ನೀರು ಕುಡಿದು ಬೆಳೆದ ಕಬ್ಬಿಗೂ, ಕಬ್ಬು ಕಡಿಯುತ್ತ ಕೈ ಕೊಯ್ದುಕೊಂಡವರಿಗೂ, ಗಾಣದ ಕೊಪ್ಪರಿಗೆಯ ಮುಂದೆ ನಿಂತು ಬೆಂದವರಿಗೂ ನಾನು ಋಣಿ. ಈ ವಯಸ್ಸಿನಲ್ಲಿಯೂ ನೆನಪನ್ನು ಕಸಿದುಕೊಳ್ಳದೆ ಉಳಿಸಿರುವ ಶಿವನಿಗೆ ಎಲ್ಲರಿಗಿಂತ ಹೆಚ್ಚು ಋಣಿ. ಈ ಋಣವನ್ನು ಮೊದಲೇ ಹೇಳಿಕೊಳ್ಳದೆ ಮುಂದಿನದನ್ನು ಬರೆಯುವ ಧೈರ್ಯ ನನಗಿಲ್ಲ. ಮುಂದೆ ಬರುವುದರಲ್ಲಿ ದಯೆ ಬಹಳ ಕಡಿಮೆ.

ನಾನು ಜಮಖಂಡಿಯಲ್ಲಿ ಕನ್ನಡ ಮತ್ತು ಸಂಸ್ಕೃತ ಕಲಿಸುತ್ತ ನಿವೃತ್ತನಾದವನು. ನನ್ನ ಅಕ್ಕನನ್ನು ಮುಧೋಳದ ಬೆಲ್ಲದ ವ್ಯಾಪಾರಿಗಳ ಮನೆಗೆ ಕೊಟ್ಟಿತ್ತು. ಭಾವನವರು ಸುತ್ತಲಿನ ಗಾಣಗಳಿಂದ ಬೆಲ್ಲ ಕೊಂಡು, ತಮ್ಮ ಗೋದಾಮಿನಲ್ಲಿ ಚೀಲ ಕಟ್ಟಿಸಿ, ಲಾರಿಗಳಲ್ಲಿ ಗುಜರಾತಿಗೆ ಕಳಿಸುತ್ತಿದ್ದರು. ಪ್ರತಿ ಚೀಲದ ಮೇಲೂ ಕುಳಿತ ಬಸವಣ್ಣನ ಛಾಪು. ಆ ಛಾಪನ್ನು ಭಾವನವರ ಅಜ್ಜ ಪೂಜೆ ಮಾಡಿ ಮಾಡಿಸಿದ್ದರಂತೆ. ಅದು ಬಿದ್ದ ಚೀಲವನ್ನು ಮನೆಯಲ್ಲಿ ಯಾರೂ ಕಾಲಿನಿಂದ ಸರಿಸುತ್ತಿರಲಿಲ್ಲ, ಅದರ ಮೇಲೆ ಕುಳಿತುಕೊಳ್ಳುತ್ತಲೂ ಇರಲಿಲ್ಲ.

ಅಂಗಡಿಯಲ್ಲಿ ಒಂದು ಗಾದಿ ಇತ್ತು. ಬಿಳಿ ಹೊದಿಕೆಯ ಹಾಸಿಗೆ, ಹಿಂದೆ ಒಂದು ಲೋಡು. ಅದರ ಮೇಲೆ ಕುಳಿತವನ ಮಾತೇ ಅಂಗಡಿಯ ಮಾತು. ಭಾವನವರಿಗೆ ಮೊಣಕಾಲು ನೋವು ಹೆಚ್ಚಾಗಿ ಗಾದಿಯಿಂದ ಏಳುವುದೇ ಕಷ್ಟವಾದಾಗ, ಅದನ್ನು ಬಿಟ್ಟುಕೊಡುವ ಮಾತು ಮನೆಯಲ್ಲಿ ಎದ್ದಿತು. ಅವರಿಗೆ ಇಬ್ಬರು ಮಕ್ಕಳು. ಹಿರಿಯವ ಹುಡುಗನಾಗಿದ್ದಾಗಿನಿಂದ ಗೋದಾಮಿನಲ್ಲೇ ಬೆಳೆದವನು. ಕತ್ತಲಲ್ಲಿಯೂ ಬೆಲ್ಲದ ದೊಡ್ಡ ಅಚ್ಚನ್ನು, ನಮ್ಮ ಕಡೆಯ ಪೆಂಟಿಯನ್ನು, ಉಗುರಿನಿಂದ ಗೀರಿ ಯಾವ ಹೊಲದ್ದೆಂದು ಹೇಳುತ್ತಿದ್ದ. ಕಿರಿಯವ ಕಾಲೇಜು ಮುಗಿಸಿ ಬಂದವನು. ಹೊರಗಿನ ವ್ಯಾಪಾರಿಗಳೊಡನೆ ಹಿಂದಿಯಲ್ಲಿ ಮಾತಾಡುವುದು, ಲಾರಿ ಗೊತ್ತುಮಾಡುವುದು, ಊರೂರು ತಿರುಗುವುದು ಅವನ ಕೆಲಸ. ಅವನಿಗೆ ಗಾದಿ ಬೇಕಾಗಿತ್ತು. ಅದನ್ನು ಅವನು ಮುಚ್ಚಿಡುತ್ತಿರಲಿಲ್ಲ. ಹಿರಿಯವನಿಗೂ ಬೇಕಾಗಿತ್ತು, ಆದರೆ ಅವನು ಬಾಯಿ ಬಿಟ್ಟು ಹೇಳಿದ್ದನ್ನು ನಾನು ಕೇಳಿಲ್ಲ.

ಬಾಗಲಕೋಟೆ ಬೇರೆ ಜಿಲ್ಲೆಯಾಗಿ ಕೆಲವು ವರ್ಷಗಳು ಕಳೆದಿದ್ದವು. ಬೀಳಗಿಯ ಕಡೆ ಅಣೆಕಟ್ಟಿನ ಹಿನ್ನೀರು ಏರಿ ದಾರಿಗಳು ಸುತ್ತುಬಳಸಾಗಿದ್ದವು. ಇತ್ತ ಚಿಕ್ಕಪಡಸಲಗಿಯಲ್ಲಿ ರೈತರು ಹೊಳೆಗೆ ಅಡ್ಡಲಾಗಿ ತಾವೇ ಕಟ್ಟಿಕೊಂಡ ಬಾಂದಾರದ ನೀರಿನಿಂದ, ಜೋಳ ಬೆಳೆಯುತ್ತಿದ್ದ ಹೊಲಗಳೂ ಕಬ್ಬಿನ ಹಸಿರು ಹೊದ್ದಿದ್ದವು. ಕಬ್ಬು ಹೆಚ್ಚಿತು, ಬೆಲ್ಲ ಹೆಚ್ಚಿತು, ರಸ್ತೆ ಮಾತ್ರ ಇದ್ದಂತೆಯೇ ಇತ್ತು. ತಗ್ಗುದಿಣ್ಣೆಯಲ್ಲಿ ಎತ್ತಿಹಾಕಿಸಿಕೊಂಡು ಗುಜರಾತು ಮುಟ್ಟುವಷ್ಟರಲ್ಲಿ ಪೆಂಟಿಗಳು ಒಡೆದು ಪುಡಿಯಾಗುತ್ತಿದ್ದವು. ಸುಗ್ಗಿಯಲ್ಲಿ ಲಾರಿಗಳು ಸಿಗುತ್ತಿರಲಿಲ್ಲ. ಸಿಕ್ಕರೆ ಚಾಲಕರು ಹೇಳಿದ್ದೇ ಬಾಡಿಗೆ.

ಕಿರಿಯವ ಒಂದು ಸಲ ಕಾರವಾರಕ್ಕೆ ಹೋದಾಗ ಬಂದರಿನಲ್ಲಿ ಒಂದು ಮರದ ಹಡಗನ್ನು ಕಂಡ. ಇಂಜಿನ್ನು ಕೂಡಿಸಿದ ಹಡಗು. ದಂಡೆಯನ್ನು ಬಿಟ್ಟು ಬಹುದೂರ ಹೋಗದೆ, ಬಂದರಿನಿಂದ ಬಂದರಿಗೆ ಸಾಮಾನು ಒಯ್ಯುವುದು ಅದರ ವೃತ್ತಿ. ಗುಜರಾತಿನಿಂದ ತುಂಬಿ ಬಂದು, ಮರಳುವಾಗ ಎಷ್ಟೋ ಸಲ ಖಾಲಿಯಾಗಿ ಹೋಗುತ್ತಿತ್ತು. ಅದನ್ನು ನಡೆಸುವ ತಾಂಡೇಲನೊಡನೆ ಇವನು ಮಾತಾಡಿ ಬಂದ.

ಊಟದ ಹೊತ್ತಿನಲ್ಲಿ ಅವನು ವಿಷಯ ತೆಗೆದಾಗ ನಾನು ಅಲ್ಲಿದ್ದೆ.

"ಅಪ್ಪಾ, ಕಾರವಾರದ ಮಟಾ ಅಷ್ಟ ಲಾರಿ. ಅಲ್ಲಿಂದ ನೀರಿನ ಮ್ಯಾಲ. ನೀರಿನಾಗ ತಗ್ಗಿಲ್ಲ, ನಾಕಾ ಇಲ್ಲ, ಢಾಬಾ ಇಲ್ಲ. ಒಂದ ಹಡಗಿನಾಗ ನಮ್ಮ ಎಷ್ಟೋ ಲಾರಿ ಮಾಲು ಹಿಡಸತೈತಿ. ಬಾಡಿಗಿನೂ ಕಡಿಮಿ."

ಹಿರಿಯವ ರೊಟ್ಟಿ ಮುರಿಯುತ್ತ ತಲೆಯೆತ್ತದೆ ಹೇಳಿದ: "ಮೀನಕ್ಕೂ ನಾಕ ಪೆಂಟಿ ತಿನ್ನಸ್ರಿ. ಅವಾರ ಯಾವಾಗ ಬೆಲ್ಲ ಕಾಣಬೇಕು."

ಅಕ್ಕ ನಕ್ಕಳು. ಭಾವನವರು ನಗಲಿಲ್ಲ. ಕೈ ತೊಳೆದು, ವಿಭೂತಿಯ ಹಣೆಯನ್ನು ಮೆಲ್ಲಗೆ ಒರೆಸಿಕೊಂಡು, ತೀರ್ಪು ಕೊಡುವವರಂತೆ ನುಡಿದರು.

"ಒಂದ ಗಾದಿ ಮ್ಯಾಲ ಇಬ್ಬರು ಕೂಡಾಕ ಬರೂದಿಲ್ಲ. ಹಡಗಿನ ಮಾಲು ನೆಟ್ಟಗ ಮುಟ್ಟಿತಂದ್ರ ಗಾದಿ ನಿಂದು. ಕೆಟ್ಟತಂದ್ರ ನಿಮ್ಮ ಅಣ್ಣಂದು. ಆಮ್ಯಾಲ ಯಾರೂ ಒಂದ ಮಾತ ಆಡೂ ಹಂಗಿಲ್ಲ. ಮಾಸ್ತರ, ನೀವ ಸಾಕ್ಷಿ."

ಹೀಗೆ ನಾನು ಸಾಕ್ಷಿಯಾದೆ.

ಕಿರಿಯವ ಆ ದಿನಗಳಲ್ಲಿ ನಿದ್ದೆ ಮಾಡಿದ್ದನ್ನು ನಾನು ಕಾಣೆ. ಚಿಮ್ಮಡದ ಕಡೆಯ ಗಾಣಗಳಿಗೆ ತಾನೇ ಹೋಗಿ ಗಟ್ಟಿ ಪಾಕದ, ಬಂಗಾರದ ಬಣ್ಣದ ಪೆಂಟಿಗಳನ್ನೇ ಆರಿಸಿ ತಂದ. ಹೊಸ ಗೋಣಿಚೀಲ ತರಿಸಿದ. ನಮ್ಮ ಕಡೆ ಬೆಲ್ಲ ತುಂಬುವ ಒಂದು ರೀತಿಯಿದೆ. ಲಾರಿಯ ತಳಕ್ಕೂ ಪಕ್ಕಕ್ಕೂ ಕಬ್ಬಿನ ಸೋಗೆಯನ್ನು ದಪ್ಪಗೆ ಹಾಸುತ್ತಾರೆ. ನಾವು ಅದಕ್ಕೆ ರವದಿ ಎನ್ನುತ್ತೇವೆ. ಅದು ಕುಲುಕಾಟವನ್ನು ತಡೆಯುತ್ತದೆ, ಬೆಲ್ಲ ತಗಡಿಗೆ ಅಂಟದಂತೆ ಕಾಯುತ್ತದೆ. ಹಡಗಿನಲ್ಲಿಯೂ ಹಾಗೆಯೇ ಹಾಸಬೇಕೆಂದು ಅವನು ನಿಶ್ಚಯಿಸಿದ. ಸಮುದ್ರವೆಂದರೆ ಸಾಮಾನ್ಯವಲ್ಲವೆಂದು, ಲಾರಿಗೆ ಹಾಕುವುದಕ್ಕಿಂತ ಇಮ್ಮಡಿ ಹಾಕಿಸಲು ಎಣಿಸಿದ. ಗೋದಾಮಿನ ಹಿಂದಿನ ಹಳೆಯ ಬಣವೆ ಸಾಲಲಿಲ್ಲ. ಆಗತಾನೆ ಕಬ್ಬು ಕಡಿಯುತ್ತಿದ್ದ ಹೊಲಗಳಿಂದ ಚಕ್ಕಡಿಗಟ್ಟಲೆ ಹೊಸ ರವದಿ ತರಿಸಿದ.

ತುಂಬುವ ದಿನ ಗೋದಾಮಿನ ಅಂಗಳ ಜಾತ್ರೆಯಂತಿತ್ತು. ಹಮಾಲರು ಹೆಗಲ ಮೇಲೆ ಚೀಲ ಹೊತ್ತು ಓಡಾಡುತ್ತಿದ್ದರು. ಬೇಲಿಯಾಚೆ, ವರ್ಷಗಟ್ಟಲೆ ನಮ್ಮ ಬೆಲ್ಲವನ್ನು ಗುಜರಾತಿಗೆ ಒಯ್ದಿದ್ದ ಲಾರಿ ಚಾಲಕರು ಬೀಡಿ ಸೇದುತ್ತ ಕುಳಿತಿದ್ದರು. ಈ ಸಲ ಅವರ ಪಾಲಿಗೆ ಕಾರವಾರದವರೆಗಿನ ತುಂಡು ಬಾಡಿಗೆ ಮಾತ್ರ.

ಅವರಲ್ಲಿ ಎಲ್ಲರಿಗಿಂತ ಹಿರಿಯ, ಮೀಸೆ ಬೆಳ್ಳಗಾದ ಚಾಲಕನೊಬ್ಬ ಕೂಗಿ ಕೇಳಿದ: "ಸಣ್ಣ ಸಾವಕಾರ್ರ, ಹಡಗಿನ ಹಿಂದ ಏನಂತ ಬರಸ್ತೀರಿ? ಹಾರ್ನ್ ಹೊಡೀರಿ ಅಂತ ಬರಸಬ್ಯಾಡ್ರಿ ಮತ್ತ, ತಿಮಿಂಗಲ ಬಂದೀತು."

"ನಿನ್ನ ಹೆಸರ ಬರಸ್ತೀನಿ ತಗೋ ಮಾಮಾ," ಎಂದ ಕಿರಿಯವ. "ನೀ ಒಡದ ಪೆಂಟಿ ನೆಪ್ಪಿರತಾವು."

ಎಲ್ಲರೂ ನಕ್ಕರು. ಚಾಲಕ ನಗಲಿಲ್ಲ, ಬೀಡಿಯನ್ನು ಚಪ್ಪಲಿಯಿಂದ ಹೊಸಕಿದ.

ಹಿರಿಯವ ಕಂಬಕ್ಕೆ ಒರಗಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ. ನಡುವೆ ಒಮ್ಮೆ ಎದ್ದು, ಲಾರಿಯ ಬಳಿ ರಾಶಿ ಹಾಕಿದ್ದ ರವದಿಯೊಳಗೆ ಮೊಳಕೈವರೆಗೆ ಕೈ ಹಾಕಿದ. ಕೈ ತೆಗೆದು ಅಂಗೈಯನ್ನು ನೋಡಿಕೊಂಡ. ಧೋತರದ ಚುಂಗಿಗೆ ಒರೆಸಿ ಮತ್ತೆ ಕಂಬಕ್ಕೆ ಒರಗಿದ. ಅದು ವ್ಯಾಪಾರಸ್ಥರ ಸಹಜ ಅಭ್ಯಾಸವೆಂದು ನನಗನ್ನಿಸಿತು. ಸ್ವಲ್ಪ ಹೊತ್ತಿಗೆ ಭಾವನವರೂ ಕೋಲೂರಿಕೊಂಡು ಆ ರಾಶಿಯ ಹತ್ತಿರ ಹೋಗಿ ಬಂದರು. ಬಳಿಕ ಲಾರಿಗಳಿಗೆ ಕಾಯಿ ಒಡೆದು, ಊದಿನಕಡ್ಡಿ ಬೆಳಗಿ, ನಾನು ಬಲ್ಲ ಮಂತ್ರ ಹೇಳಿ ಕಳಿಸಿಕೊಟ್ಟೆವು.

ಕಿರಿಯವ ನನ್ನನ್ನೂ ಕಾರವಾರಕ್ಕೆ ಕರೆದೊಯ್ದ. ಮಹಾಕಾವ್ಯದಲ್ಲಿ ಇರಲೇಬೇಕಾದ ಅಷ್ಟಾದಶ ವರ್ಣನೆಗಳಲ್ಲಿ ಸಮುದ್ರ ಮೊದಲನೆಯದೆಂದು ನಾನು ಸೇವೆಯುದ್ದಕ್ಕೂ ಮಕ್ಕಳಿಗೆ ಪಾಠ ಹೇಳಿದ್ದೆ. ರತ್ನಾಕರ, ಗಂಭೀರ, ಮರ್ಯಾದೆ ಮೀರದವನು ಎಂಬ ವಿಶೇಷಣಗಳನ್ನು ಬಾಯಿಪಾಠ ಮಾಡಿಸಿದ್ದೆ. ಕಣ್ಣಿಂದ ಕಂಡದ್ದು ಅಂದೇ. ಮೊದಲು ಬಂದದ್ದು ಅದರ ವಾಸನೆ, ಒಣಮೀನಿನದು ಮತ್ತು ಡೀಸೆಲಿನದು. ಮೂಗು ಮುಚ್ಚಿಕೊಳ್ಳುವುದು ಅಪಚಾರವೆಂದು ತಡೆದುಕೊಂಡು, ನೀರು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಕಣ್ಣು ಉರಿಯಿತು.

ಹಡಗಿನ ಹೊಟ್ಟೆಯೊಳಗೆ ನಮ್ಮ ಹಮಾಲರು ಇಳಿದು ರವದಿ ಹಾಸಿದರು. ತಾಂಡೇಲ ಸೊಂಟಕ್ಕೆ ಕೈ ಕೊಟ್ಟು ನೋಡುತ್ತಿದ್ದ.

"ನಿಮ್ಮ ಬೆಲ್ಲಕ್ಕೆ ಹಾಸಿಗೆ ಉಂಟು ಮಾರಾಯ್ರೆ," ಎಂದ. "ನಮ್ಮ ಖಲಾಸಿಗಳಿಗೆ ಇಲ್ಲ."

"ನಿಮ್ಮ ಮಂದಿಗೂ ಒಂದ ಪೆಂಟಿ ಕೊಡ್ತೇನ್ರಿ, ತಿಂದ ಮಕ್ಕೊಳ್ಳಿ," ಎಂದ ಕಿರಿಯವ. ಅವನ ಮುಖ ಅಷ್ಟು ಬೆಳಗಿದ್ದನ್ನು ಅದಕ್ಕೆ ಮೊದಲು ನಾನು ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ಚೀಲಗಳೆಲ್ಲ ಇಳಿದ ಮೇಲೆ ಖಲಾಸಿಗಳು ಹಲಗೆ ಮುಚ್ಚಿ, ಅದರ ಮೇಲೆ ತಾಡಪತ್ರಿ ಬಿಗಿದು, ಗಾಳಿಯೂ ನುಸುಳದಂತೆ ಹಗ್ಗ ಎಳೆದು ಕಟ್ಟಿದರು. ಒಂದು ಹನಿ ನೀರೂ ಒಳಗೆ ಹೋಗದೆಂದು ತಾಂಡೇಲ ಮಾತು ಕೊಟ್ಟ. ಆ ಮಾತನ್ನು ಅವನು ಉಳಿಸಿಕೊಂಡ. ಹೊರಗಿನ ನೀರು ಒಳಗೆ ಹೋಗಲಿಲ್ಲ.

ಸುದ್ದಿ ಬಂದದ್ದು ಸಂತೆಯ ದಿನ, ಅಂಗಡಿ ತುಂಬ ಜನರಿರುವಾಗ. ಗುಜರಾತಿನ ವ್ಯಾಪಾರಿಯ ಫೋನನ್ನು ಹಿರಿಯವ ಎತ್ತಿದ. ಸ್ವಲ್ಪ ಹೊತ್ತು ಹೂಂ ಹೂಂ ಎಂದ. ಆಮೇಲೆ ರಿಸೀವರನ್ನು ತಮ್ಮನತ್ತ ಚಾಚಿದ.

"ತಗೋ. ನಿನ್ನ ಮಾಲು. ನೀನ ಕೇಳು."

ಕಿರಿಯವ ಕೇಳಿದ. ಗಾದಿಯ ಮೇಲಿಂದ ಭಾವನವರು, "ಏನಂತಾರ?" ಎಂದರು. ಅವನು ರಿಸೀವರನ್ನು ಮೆಲ್ಲಗೆ ಕೆಳಗಿಟ್ಟ. ಉತ್ತರ ಕೊಟ್ಟವನು ಹಿರಿಯವ. ಅಂಗಡಿಯ ಕಟ್ಟೆಯ ಮೇಲೆ ಕುಳಿತ ರೈತರಿಗೂ, ಹೊರಗೆ ನಿಂತ ಚಾಲಕರಿಗೂ ಕೇಳುವಂತೆ ದನಿ ಎತ್ತಿ ಹೇಳಿದ.

"ಹಡಗಿನ ಬಾಗಲಾ ತಗದ್ರ ಒಳಗಿಂದ ಉಗಿ ಬಂತಂತ. ಬೆಲ್ಲ ಕರಗಿ, ಹುಳತು, ನೊರಿ ಎದ್ದೈತಿ. ಸಲಿಕಿಲೆ ಬಳದಾರು. ತಿನ್ನಾಕ ಯಾರೂ ಒಲ್ಲೆ ಅಂದ್ರಂತ."

"ಮತ್ತ ಎಲ್ಲೆ ಹೋತು?" ಭಾವನವರ ದನಿ ಸಣ್ಣಗಿತ್ತು.

"ಕಳ್ಳಭಟ್ಟಿಯವರು ತುಂಬಕೊಂಡ ಹೋದ್ರಂತ. ಸೆರೆ ಕಾಸಾಕ. ಚೀಲದ ಸಮೇತ."

ಚೀಲದ ಸಮೇತ ಎಂಬ ಮಾತನ್ನು ಅವನು ಎರಡು ಸಲ ಹೇಳಿದ. ಬಸವಣ್ಣನ ಛಾಪಿದ್ದ ಚೀಲಗಳು ಸೆರೆಯ ಭಟ್ಟಿಯಲ್ಲಿ ಬಿದ್ದಿರುವ ಚಿತ್ರ ಆ ಅಂಗಡಿಯಲ್ಲಿದ್ದ ಪ್ರತಿಯೊಬ್ಬನ ಕಣ್ಣಿಗೂ ಕಟ್ಟಿತು. ಭಾವನವರು ಕೊರಳಿನ ಲಿಂಗವನ್ನು ಅಂಗಿಯ ಮೇಲಿಂದಲೇ ಹಿಡಿದುಕೊಂಡು ಕಣ್ಣು ಮುಚ್ಚಿದರು.

ಮರುದಿನ ಬೆಳಿಗ್ಗೆ ಗೋದಾಮಿನ ಬಾಗಿಲಲ್ಲಿ, ದೃಷ್ಟಿಗೆಂದು ಮೆಣಸಿನಕಾಯಿ ಮತ್ತು ಲಿಂಬೆಹಣ್ಣು ಕಟ್ಟುವ ಜಾಗದಲ್ಲಿ, ಒಂದು ಖಾಲಿ ಸೆರೆಯ ಬಾಟಲಿ ನೇತಾಡುತ್ತಿತ್ತು. ಅದರ ಕೊರಳಿಗೆ ಕಟ್ಟಿದ ಗೋಣಿಯ ತುಂಡಿನ ಮೇಲೆ ಅರ್ಧ ಬಸವಣ್ಣ. ಬೇಲಿಯಾಚೆ ಚಾಲಕರು ಚಹಾ ಕುಡಿಯುತ್ತಿದ್ದರು. ಕಿರಿಯವ ಏಣಿ ತರಿಸದೆ, ಕಲ್ಲಿನ ಮೇಲೆ ತುದಿಗಾಲಲ್ಲಿ ನಿಂತು ತಾನೇ ಬಿಚ್ಚಿದ. ಗಂಟು ಬಿಗಿಯಾಗಿದ್ದರಿಂದ ಬಹಳ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಯಾರೂ ಅವನಿಗೆ ನೆರವಾಗಲಿಲ್ಲ. ನಾನು ಹೋದಾಗ, "ಬ್ಯಾಡ್ರಿ ಮಾಮಾ. ನೀವ ಮುಟ್ಟಬ್ಯಾಡ್ರಿ ಅದನ್ನ," ಎಂದ.

ಅವನು ಪ್ರತಿದಿನ ತಂದೆಯ ಪೂಜೆಗೆ ಬಿಲ್ವಪತ್ರೆ ತರುತ್ತಿದ್ದ. ಅಂದೂ ಬುಟ್ಟಿ ಹಿಡಿದು ಹೊರಟಾಗ ಭಾವನವರು ಅಕ್ಕನನ್ನು ಕರೆದು, ಮಗ ಎದುರಿಗೇ ನಿಂತಿದ್ದರೂ ಅವಳಿಗೇ ಹೇಳಿದರು: "ಇವತ್ತಿಂದ ಪತ್ರಿ ಆಳಿನ ಕೈಲೆ ತರಸು." ಅಕ್ಕ ಬುಟ್ಟಿಯನ್ನು ಮಗನ ಕೈಯಿಂದ ತೆಗೆದುಕೊಂಡಳು. ಅವನು ಸುಮ್ಮನೆ ಬಿಟ್ಟುಕೊಟ್ಟ.

ಕೆಲವು ದಿನಗಳ ನಂತರ ಹಿರಿಯವ ನನ್ನೊಡನೆ ಘಟಪ್ರಭೆಯ ದಂಡೆಗೆ ಬಂದಿದ್ದ. ನಾನು ಸ್ನಾನ ಮುಗಿಸಿ ಬರುವವರೆಗೆ ಮೆಟ್ಟಿಲ ಮೇಲೆ ಕುಳಿತು ಹಲ್ಲಿಗೆ ಕಡ್ಡಿ ಹಾಕಿಕೊಳ್ಳುತ್ತಿದ್ದ. ಹನಿ ನೀರೂ ಹೋಗದ ಹಡಗಿನಲ್ಲಿ ಬೆಲ್ಲ ಹೇಗೆ ಕರಗಿತೆಂದು ನಾನು ಕೇಳಿದೆ.

"ರವದಿ ಹಸೀದಿತ್ತು, ಮಾಮಾ."

"ಲಾರಿಗೂ ಎಷ್ಟೋ ಸಲ ಹಸೀದು ಹಾಕಿದ್ದು ನಾ ನೋಡೇನಲ್ಲ?"

"ಲಾರ್ಯಾಗ ಗಾಳಿ ಆಡತೈತ್ರಿ. ಓಡತ ಓಡತ ಒಣಗತೈತಿ. ಹಡಗಿನ ಹೊಟ್ಟ್ಯಾಗ ಗಾಳಿ ಎಲ್ಲಿಂದ ಬರಬೇಕು? ಹಸಿ ರವದಿ ಮುಚ್ಚಿಟ್ರ ಬೇಯತೈತಿ, ಬೆವರತೈತಿ. ಅದೂ ಎರಡ ಪಟ್ಟ ಹಾಸಿದ್ದ."

"ನಿನಗ ಯಾವಾಗ ತಿಳೀತು?"

"ತುಂಬೂ ದಿನಾನ. ಕೈ ಹಾಕಿದ್ನೆಲ್ಲ, ಬಿಸಿ ಹತ್ತಿತು."

"ಮತ್ತ ಯಾಕ ಹೇಳಲಿಲ್ಲ ತಮ್ಮಾ?"

ಅವನು ಕಡ್ಡಿಯನ್ನು ಹೊಳೆಗೆ ಎಸೆದ. "ಅವ ಕೇಳಲಿಲ್ಲ."

ಅವನ ಮುಖದಲ್ಲಿ ಸಿಟ್ಟೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ. ನನ್ನ ಒದ್ದೆ ಪಂಚೆಯನ್ನು ತಾನೇ ಹಿಂಡಿ, ಕೊಡವಿ ಕೊಟ್ಟ. ಹಿರಿಯರ ಸೇವೆಯಲ್ಲಿ ಅವನು ಎಂದೂ ಕಡಿಮೆ ಮಾಡಿದವನಲ್ಲ.

ನಾನು ಅಲ್ಲಿಂದ ನೇರವಾಗಿ ಭಾವನವರ ಬಳಿಗೆ ಹೋದೆ. ಸಾಕ್ಷಿಯೆಂದು ನನ್ನನ್ನು ಕೂಡಿಸಿದವರು ಅವರು. ಸಾಕ್ಷಿ ಕಂಡದ್ದನ್ನು ಹೇಳಬೇಕು. ಪಡಸಾಲೆಯಲ್ಲಿ ಕುಳಿತು ಎಲ್ಲವನ್ನೂ ಹೇಳಿ, ಇಂಥ ಪಣಕ್ಕೆ ಬೆಲೆಯಿಲ್ಲ, ತೀರ್ಪನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದೆ. ಅವರು ಕೊನೆಯವರೆಗೆ ಕೇಳಿದರು. ಆಮೇಲೆ ಒಳಗಿದ್ದ ಕಿರಿಯ ಮಗನನ್ನು ಕರೆದರು. ಅವನು ಬಂದು ಕಂಬದ ಬಳಿ ನಿಂತ.

"ನಿಮ್ಮ ಮಾಮಾ ನಿನ್ನ ಕಡೆ ವಕೀಲಕಿ ಮಾಡಾಕತ್ತಾರ," ಎಂದರು. "ರವದಿ ಹಸೀದು ಅಂತ ನಿಮ್ಮ ಅಣ್ಣಗ ಗೊತ್ತಿತ್ತಂತ. ನನಗೂ ಗೊತ್ತಿತ್ತು. ನಾನೂ ಮುಟ್ಟಿ ನೋಡಿದ್ದೆ."

ನನ್ನತ್ತ ನೋಡದೆ ಮಗನಿಗೇ ಮುಂದುವರಿಸಿ ಹೇಳಿದರು:

"ಗಾದಿ ಮ್ಯಾಲ ಕೂಡಾಂವ ಎಲ್ಲಾದಕ್ಕೂ ಕೈ ಹಾಕಿ ನೋಡಬೇಕು. ನೀ ನೋಡ್ತಿಯೋ ಇಲ್ಲೋ ಅಂತ ಸಂಜಿ ಮಟಾ ದಾರಿ ಕಾದೆ. ನೀ ಲಾರ್ಯಾವರ ಜೋಡಿ ಚೇಷ್ಟಿ ಮಾಡಕೋತ ನಿಂತಿದ್ದಿ."

ಕಿರಿಯವ ಒಂದೇ ಒಂದು ಪ್ರಶ್ನೆ ಕೇಳಿದ.

"ಬಸವಣ್ಣನ ಚೀಲ ಅದಾವು ಅಂತ ಗೊತ್ತಿದ್ದೂ ಬಿಟ್ರೇನ್ರಿ ಅಪ್ಪಾ?"

ಭಾವನವರ ಕೈ ಮತ್ತೆ ಎದೆಯ ಲಿಂಗದತ್ತ ಹೋಯಿತು.

"ಅಲ್ಲೀ ಮಟಾ ಹೋದೀತಂತ ನಾ ಅನ್ಕೊಳ್ಳಲಿಲ್ಲ," ಎಂದರು. "ಅದರ ಪಾಪ ನನಗೂ ಐತಿ. ಅದಕ್ಕ ನಾ ಶಿವಗ ಉತ್ತರಾ ಕೊಡ್ತೇನಿ. ಗಾದಿ ನಿಮ್ಮ ಅಣ್ಣಂದು."

ದೀಪಾವಳಿಯ ಪಾಡ್ಯದಂದು ಗಾದಿಯ ಪೂಜೆ. ಬನಹಟ್ಟಿಯಿಂದ ಸೀರೆ ವ್ಯಾಪಾರದ ನೆಂಟರು, ಗಾಣದ ಮಾಲಕರು, ಹಮಾಲರು, ಚಾಲಕರು ಎಲ್ಲರೂ ಬಂದಿದ್ದರು. ಹಾಸಿಗೆಗೆ ಹೊಸ ಹೊದಿಕೆ ಹಾಕುವ ಕೆಲಸವನ್ನು ಭಾವನವರು ಎಲ್ಲರೆದುರು ಕಿರಿಯ ಮಗನಿಗೆ ಹೇಳಿದರು. ಅವನು ಮೊಣಕಾಲೂರಿ ಹೊದಿಕೆ ಎಳೆದ. ನಾಲ್ಕೂ ಮೂಲೆ ಮಡಚಿದ. ಅಂಗೈಯಿಂದ ಸುಕ್ಕು ತಿದ್ದಿದ. ಹಿರಿಯವ ಬಲಗಾಲಿಟ್ಟು ಹತ್ತಿ ಕುಳಿತ. ಮೊದಲ ನಮಸ್ಕಾರ ತಮ್ಮನದೇ ಆಗಬೇಕು, ಅದು ಮನೆಯ ಪದ್ಧತಿ. ಅವನು ಬಾಗಿ ಅಣ್ಣನ ಪಾದಕ್ಕೆ ಬೆರಳ ತುದಿ ತಾಗಿಸಿದ.

"ಒಳಗ ಕೈ ಹಾಕಿ ಮುಟ್ಟೋ ತಮ್ಮಾ," ಎಂದ ಹಿರಿಯವ. "ಮ್ಯಾಲ ಮ್ಯಾಲ ಮುಟ್ಟೂ ಚಾಳಿ ಇನ್ನೂ ಹೋಗಿಲ್ಲ ನಿಂದು."

ಅಂಗಡಿಯೆಲ್ಲ ನಕ್ಕಿತು. ಮೀಸೆ ಬೆಳ್ಳಗಾದ ಆ ಚಾಲಕ ಎಲ್ಲರಿಗಿಂತ ಜೋರಾಗಿ ನಕ್ಕ. ಕಿರಿಯವ ಎರಡೂ ಕೈಗಳಿಂದ ಪಾದ ಹಿಡಿದು ಹಣೆ ಮುಟ್ಟಿಸಿ ಎದ್ದ. ಪ್ರಸಾದವೆಂದು ಕೊಟ್ಟ ಬೆಲ್ಲದ ಚೂರನ್ನು ಬಾಯಿಗೆ ಹಾಕಿಕೊಳ್ಳದೆ ಕರವಸ್ತ್ರದಲ್ಲಿ ಕಟ್ಟಿಕೊಂಡ.

ಆ ಹಬ್ಬ ಮುಗಿದ ಮೇಲೆ ಅವನು ಒಂದು ಸಕ್ಕರೆ ಕಾರ್ಖಾನೆಯಲ್ಲಿ ಸಂಬಳದ ಕೆಲಸಕ್ಕೆ ಸೇರಿದ. ಸಾಲುಗಟ್ಟಿ ಬರುವ ಕಬ್ಬಿನ ಟ್ರ್ಯಾಕ್ಟರುಗಳನ್ನು ತೂಕದ ಕಾಟಾಕ್ಕೆ ಬಿಡುವ ಕೆಲಸ. ಅಂಗಡಿಯ ಮುಂದಿನಿಂದಲೇ ಹೋಗಿಬರುತ್ತಿದ್ದ, ಒಳಗೆ ಕಾಲಿಡುತ್ತಿರಲಿಲ್ಲ. ಭಾವನವರು ಕರೆಯಲೂ ಇಲ್ಲ. ಅವರು ಶಿವೈಕ್ಯರಾದಾಗ ಹೆಗಲು ಕೊಡಲು ಬಂದವನನ್ನು ಅಣ್ಣ ಹಿಂದಿನ ಸಾಲಿಗೆ ಕಳಿಸಿದ. ಅವನು ಹಿಂದಿನ ಸಾಲಿನಲ್ಲೇ ನಡೆದ.

ನಮ್ಮ ಅಕ್ಕನ ಮನೆಯ ಬೆಲ್ಲ ಮತ್ತೆ ಸಮುದ್ರ ಕಾಣಲಿಲ್ಲ. ಒಮ್ಮೆ ಒಣ ರವದಿ ಹಾಸಿ ನೋಡೋಣವೆಂದು ಯಾರೂ ಅನ್ನಲಿಲ್ಲ. ಹಿರಿಯವನಿಗೆ ಅದು ಸಾಧ್ಯವೆಂದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಆದರೆ ಆ ದಾರಿ ಸರಿಯಿತ್ತೆಂದು ತೋರಿಸಿದರೆ ತಾನು ಕುಳಿತ ಜಾಗ ತಮ್ಮನದೆಂದು ಒಪ್ಪಿದಂತಾಗುತ್ತಿತ್ತು. ಪೆಂಟಿಗಳು ತಗ್ಗುದಿಣ್ಣೆಯಲ್ಲಿ ಒಡೆಯುತ್ತಲೇ ಗುಜರಾತು ಮುಟ್ಟಿದವು. ಊರಿನಲ್ಲಿ ಹಡಗೆಂಬ ಮಾತು ಬಂದರೆ ಈಗಲೂ ಯಾರಾದರೊಬ್ಬರು ನಗುತ್ತಾರೆ.

ಇಷ್ಟನ್ನು ಬರೆದು ಕೈಮುಗಿಯುತ್ತೇನೆ. ಆ ಬೆಲ್ಲವನ್ನು ಅಟ್ಟವರಿಗೆ, ಕಟ್ಟಿದವರಿಗೆ, ಹೊತ್ತವರಿಗೆ ಒಳಿತಾಗಲಿ. ಮಾತು ಉಳಿಸಿಕೊಂಡ ತಾಂಡೇಲನಿಗೆ ಗಾಳಿ ಅನುಕೂಲವಾಗಿರಲಿ, ಅವನ ಖಲಾಸಿಗಳಿಗೆ ಮಲಗಲು ಹಾಸಿಗೆ ಸಿಗಲಿ. ಬಾಟಲಿ ಕಟ್ಟಿದ ಕೈಗಳಿಗೆ ರಸ್ತೆಯಲ್ಲಿ ಅಪಘಾತವಾಗದಿರಲಿ. ಹುಳಿತ ಬೆಲ್ಲವನ್ನು ಕಾಸಿದವರನ್ನೂ ಕುಡಿದವರನ್ನೂ ಶಿವನು ಕೈಬಿಡದಿರಲಿ. ಶಿವನಿಗೆ ಉತ್ತರ ಕೊಡುವೆನೆಂದು ಹೋದ ಭಾವನವರಿಗೆ ಆ ಉತ್ತರ ಸುಲಭವಾಗಿರಲಿ. ಬುಟ್ಟಿ ಕಸಿದುಕೊಂಡ ನನ್ನ ಅಕ್ಕನಿಗೆ ಶಾಂತಿ ಇರಲಿ. ಗಾದಿಯ ಮೇಲೆ ಕುಳಿತ ನನ್ನ ಹಿರಿಯ ಸೋದರಳಿಯನ ಆಯುಷ್ಯ ದೊಡ್ಡದಾಗಲಿ, ಅವನ ಮಕ್ಕಳು ಒಬ್ಬರನ್ನೊಬ್ಬರು ಕೇಳುವಂತಾಗಲಿ, ಕೇಳದಿದ್ದರೂ ಹೇಳುವಂತಾಗಲಿ. ಕಾರ್ಖಾನೆಯ ಧೂಳಿನಲ್ಲಿ ನಿಂತಿರುವ ನನ್ನ ಕಿರಿಯ ಸೋದರಳಿಯನ ಮೇಲೆ ಎಲ್ಲರ ಪಾಲಿನ ಕರುಣೆಯೂ ಇಳಿಯಲಿ.